ಕಾವಲಿನ ಊರಿಗೆ ಬೂತು ತಂದವನು ನಾನು

ನಂಬೋದಾದ್ರೆ ನಂಬಿ. ನಂಬಿಕೆ ಬರದಿದ್ರೆ ಮಾಗಡಿ ರೋಡಿಗೆ ಬಂದು ಯಾವ ಟೀ ಅಂಗಡೀಲಿ ಬೇಕಾದ್ರೂ ವಿಚಾರಿಸಿ. ನಮ್ಮ ಗ್ರಾಮಾಂತರ ಕ್ಷೇತ್ರದ ಚರಿತ್ರೆ ಅಂತ ನಾಳೆ ಯಾರಾದ್ರೂ ಬರೆದರೆ ಗೆದ್ದವರ ಹೆಸರು ಬರೀತಾರೆ, ಸೋತವರ ಹೆಸರು ಬರೀತಾರೆ. ನಮ್ಮೂರಿಗೆ ಮತಗಟ್ಟೆ ತಂದವನ ಹೆಸರು ಬರೆಯೋರು ಯಾರು? ಅದಕ್ಕೇ ಆ ಕೆಲಸ ನಾನೇ ಮಾಡ್ತಿದೀನಿ. ಎಲೆಕ್ಷನ್ ಅಂದಮೇಲೆ ಇಂಥವು ಆಗ್ತಾನೇ ಇರ್ತವೆ. ಆದ್ರೆ ನಮ್ಮೂರಲ್ಲಿ ಆದಷ್ಟು ಬೇರೆಲ್ಲೂ ಆಗಿಲ್ಲ, ಬಾಜಿ ಕಟ್ತೀನಿ.

೧. ಪುಸ್ತಕದಲ್ಲಿ ಹುಲ್ಲು

ಮೊದಲನೇ ಎಲೆಕ್ಷನ್‌ಗೆ ಮತದಾರರ ಲಿಸ್ಟು ಮಾಡೋ ಕಾಲ. ಕೆಂಗೇರಿ ಕಡೆಯಿಂದ ಹಿಡಿದು ಮಾಗಡಿ ರೋಡಿನವರೆಗೆ ಹಳ್ಳಿಹಳ್ಳಿಗೂ ಸರ್ಕಾರದವರು ಹೋಗಿ ಹೆಸರು ಬರ್ಕೊಂಡ್ರು. ಶ್ರೀಗಂಧದ ಕಾವಲಿನ ಅಂಚಲ್ಲಿರೋ ನಮ್ಮ ಇಪ್ಪತ್ತೆಂಟು ಮನೆಗೆ ಮಾತ್ರ ಯಾರೂ ಬರಲಿಲ್ಲ. ದೊಡ್ಡವರೆಲ್ಲ ಹೋಗ್ಲಿ ಬಿಡು ಅಂದ್ರು. ನಾನು ಬಿಡೋ ಪೈಕಿ ಅಲ್ಲ. ಸೀದಾ ತಾಲ್ಲೂಕು ಕಚೇರಿಗೆ ಹೋದೆ.

ಅಲ್ಲಿನ ಗುಮಾಸ್ತರು ದಪ್ಪ ಪುಸ್ತಕ ತೆಗೆದು ಬೆರಳಿಟ್ಟು ಓದಿದ್ರು. ಅದು ಸರ್ಕಾರಿ ಕಾವಲಂತೆ. ಅಲ್ಲಿ ಹುಲ್ಲಿದೆಯಂತೆ, ದನ ಮೇಯ್ತವಂತೆ, ಜನ ಇಲ್ಲವಂತೆ. ನಾನು ಅಲ್ಲಿಂದಲೇ ಬಂದಿದೀನಲ್ಲ ಸಾರ್ ಅಂದೆ. ಅವರು ಪುಸ್ತಕ ನೋಡಿದ್ರು, ನನ್ನ ನೋಡಿದ್ರು, ಮತ್ತೆ ಪುಸ್ತಕಾನೇ ನಂಬಿದ್ರು.

ಮಾರನೇ ದಿನ ಊರಿಗೆ ಊರನ್ನೇ ಎಬ್ಬಿಸಿ, ಮುದುಕರು ಮಕ್ಕಳು ಯಾರನ್ನೂ ಬಿಡದೆ ಕರ್ಕೊಂಡು ಹೋಗಿ ಕಚೇರಿ ಜಗುಲಿ ಮೇಲೆ ಸಾಲಾಗಿ ಕೂರಿಸಿದೆ. ಈಗೇನಂತೀರಿ ಅಂತ ಎದೆ ಉಬ್ಬಿಸಿ ನಿಂತೆ. ಗುಮಾಸ್ತರು ಹೊರಗೆ ಬಂದು ಎಲ್ಲರನ್ನೂ ನಿಧಾನವಾಗಿ ಎಣಿಸಿದ್ರು.

"ಇಡೀ ಊರು ಇಲ್ಲೇ ಇದೆಯಾ?"

"ಒಬ್ಬರೂ ಬಿಟ್ಟಿಲ್ಲ ಸಾರ್."

"ಹಾಗಾದ್ರೆ ಈಗ ಅಲ್ಲಿ ಜನ ಇಲ್ಲ. ಪುಸ್ತಕ ಹೇಳಿದ್ದು ಸರಿಯಾಗೇ ಇದೆ."

೨. ಒಂದು ಎಲೆಕ್ಷನ್ನಿನ ಸಂಸಾರ

ಕೊನೆಗೆ ಆ ಗುಮಾಸ್ತರನ್ನ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ನಾನೇ ಊರಿಗೆ ತಂದೆ. ಬೇವಿನ ಮರದ ಕೆಳಗೆ ಕಂಬಳಿ ಹಾಸಿ, ಒಂದು ಚೊಂಬು ಮಜ್ಜಿಗೆ ಕೊಟ್ಟು, ಬರೀರಿ ಅಂದೆ. ಗಂಡಸರದ್ದು ಬೇಗ ಮುಗೀತು. ಹೆಂಗಸರ ಹತ್ರ ಗಾಡಿ ನಿಂತಿತು. ಹೆಸರಿನ ಮುಂದೆ ಗಂಡನ ಹೆಸರೂ ಬೇಕಂತೆ. ನಮ್ಮೂರ ಯಾವ ಹೆಂಗಸು ಗಂಡನ ಹೆಸರು ಬಾಯಿಬಿಟ್ಟು ಹೇಳ್ತಾಳೆ? ಸೆರಗು ಬಾಯಿಗೆ ಇಟ್ಕೊಂಡು ನಕ್ಕರೇ ಹೊರತು ಒಬ್ಬಳೂ ಹೇಳಲಿಲ್ಲ.

ನಾನೇ ಹೇಳ್ತೀನಿ ಅಂತ ಮುಂದೆ ಹೋದೆ. ಇಪ್ಪತ್ತೊಂದು ತುಂಬದ ನಿನಗೆ ವೋಟೇ ಇಲ್ಲ, ದೂರ ನಿಲ್ಲು ಅಂತ ಗುಮಾಸ್ತರು ಗದರಿದ್ರು. ಆಗ ಹೆಂಗಸರೇ ದಾರಿ ಹುಡುಕಿದ್ರು. ಇವಳ ಗಂಡನ ಹೆಸರು ಪಕ್ಕದವಳು ಹೇಳೋದು, ಪಕ್ಕದವಳ ಗಂಡನ ಹೆಸರು ಇವಳು ಹೇಳೋದು. ಕೆಲಸ ಸರಸರ ಮುಗೀತು. ಗುಮಾಸ್ತರು ಯಾರು ಹೇಳಿದ್ರೋ ಅವರ ಹೆಸರಿನ ಮುಂದೇನೇ ಬರ್ಕೊಂಡು ಹೋದ್ರು.

ಲಿಸ್ಟು ಅಚ್ಚಾಗಿ ಬಂತು. ಊರ ಮುಂದೆ ನಾನೇ ಗಟ್ಟಿಯಾಗಿ ಓದಿದೆ. ಎರಡನೇ ಮನೆಯವಳಿಗೆ ಮೂರನೇ ಮನೆಯವನು ಗಂಡ, ಮೂರನೇ ಮನೆಯವಳಿಗೆ ಎರಡನೇ ಮನೆಯವನು. ಕೊನೇವರೆಗೂ ಹಂಗೇ. ಗಂಡಸರು ಮೈಮೇಲೆ ಬಂದವರ ಹಾಗೆ ಎದ್ದು ನಿಂತ್ರು. ಕೊನೇ ಮನೆ ಅಜ್ಜಿ ಮಾತ್ರ ಅಡಿಕೆ ಕುಟ್ಟೋದು ನಿಲ್ಲಿಸಲಿಲ್ಲ.

"ಎಲೆಕ್ಷನ್ ಮುಗಿಯೋ ಗಂಟ ತಾನೆ, ಇರ್ಲಿ ಬಿಡ್ರಪ್ಪ" ಅಂದಳು.

೩. ದೊಡ್ಡಪ್ಪನ ವೋಟು

ಹೆಸರೇನೋ ಬಂತು, ಬೂತು ಬರಲಿಲ್ಲ. ಮೂರು ಮೈಲಿ ಆಚೆಯ ದೊಡ್ಡೂರಿಗೆ ಹೋಗಿ ವೋಟು ಹಾಕಬೇಕಿತ್ತು. ಹೋದ್ವಿ. ಆ ಊರಿನವರು ನಮ್ಮನ್ನ ಹುಣಸೆ ಮರದ ಕೆಳಗೆ ನಿಲ್ಲಿಸಿ, ಮೊದಲು ಊರಿನವರು, ಕಾವಲಿನ ದನ ಆಮೇಲೆ ಅಂದ್ರು. ಬಿಸಿಲೇರಿತು. ಹೆಂಗಸರು ಕಾದು ಕಾದು ವೋಟು ಹಾಕದೇನೇ ವಾಪಸ್ ಹೊರಟ್ರು. ಅವರಲ್ಲಿ ನಮ್ಮವ್ವನೂ ಒಬ್ಬಳು. ಅವಳ ಬೆನ್ನು ನೋಡ್ತಾ ಅಲ್ಲೇ ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳಿದೆ: ಮುಂದಿನ ಸಲ ನಮ್ಮೂರಲ್ಲೇ ಬೂತು, ನಮ್ಮವ್ವಂದೇ ಮೊದಲನೇ ವೋಟು.

ಆಗ ಅಭ್ಯರ್ಥಿಗೆ ಒಂದೊಂದರಂತೆ ಪೆಟ್ಟಿಗೆ. ಪರದೆ ಹಿಂದೆ ಹೋಗಿ, ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರೋದು. ನಮ್ಮ ದೊಡ್ಡಪ್ಪ ಒಳಗೆ ಹೋದವರು ಎಷ್ಟೊತ್ತಾದ್ರೂ ಬರಲಿಲ್ಲ. ಬಂದ್ಮೇಲೆ, ಹಾಕಿದ್ರಾ ಅಂದೆ. ಸೊಂಟದಿಂದ ಚೀಟಿ ತೆಗೆದು ತೋರಿಸಿದ್ರು.

"ಒಳಗೆ ಒಂದು ನರಪಿಳ್ಳೆ ಇಲ್ಲ ಕಣೋ, ಬರೀ ಪೆಟ್ಟಿಗೆ. ಕಾಯೋರಿಲ್ಲದ ಕಡೆ ಇಂಥ ಪದಾರ್ಥ ಬಿಟ್ಟು ಬರ್ತಾರೇನೋ?"

ಆ ಚೀಟಿ ಇವತ್ತಿಗೂ ಅವರ ಕಬ್ಬಿಣದ ಟ್ರಂಕಿನಲ್ಲಿದೆ. ನಮ್ಮ ಕ್ಷೇತ್ರದಲ್ಲಿ ಯಾರಿಗೂ ಮೋಸ ಆಗದ ವೋಟು ಅದೊಂದೇ.

೪. ಎರಡು ಬಾಗಿಲು

ಎರಡನೇ ಎಲೆಕ್ಷನ್ ಬರೋ ಹೊತ್ತಿಗೆ ರಾಜಾಜಿನಗರದಲ್ಲಿ ಬ್ಲಾಕು ಬ್ಲಾಕಾಗಿ ಮನೆ ಎದ್ದಿದ್ದವು. ನಾನು ಅಲ್ಲಿಗೆ ಹಾಲು ಹಾಕ್ತಿದ್ದೆ. ಹಾಲು ಹಾಕಿದ ಮೇಲೆ ದಿನಾ ಎಲೆಕ್ಷನ್ ಸಾಹೇಬರ ಆಫೀಸಿನ ಮುಂದೆ ಹೋಗಿ ನಿಲ್ಲೋದು. ಬೂತು ಕೊಡಿ ಅನ್ನೋದು. ಇಲ್ಲ ಅಂದ್ರೆ ನಾಳೆ ಬರೋದು. ತಿಂಗಳಾದ ಮೇಲೆ ಸಾಹೇಬರಿಗೇ ಸಾಕಾಯ್ತು. ಹೋಗೋಕೊಂದು, ಬರೋಕೊಂದು, ಎರಡು ಬಾಗಿಲಿರೋ ಕಟ್ಟಡ ನಿಮ್ಮೂರಲ್ಲಿ ಇದೆಯಾ ಅಂದ್ರು. ಧಾರಾಳವಾಗಿ ಇದೆ, ನಾಡಿದ್ದು ಬಂದು ನೋಡಿ ಅಂದೆ.

ನಮ್ಮೂರಲ್ಲಿ ಸ್ಕೂಲಿಲ್ಲ, ಛತ್ರ ಇಲ್ಲ. ಯಾವ ಮನೆಗೂ ಎರಡು ಬಾಗಿಲಿಲ್ಲ. ಮನೆಗೆ ಬಂದವನೇ ಹಾರೆ ತಗೊಂಡು ನಮ್ಮ ಹಿತ್ತಲ ಗೋಡೆ ಒಡೆಯೋಕೆ ಶುರುಮಾಡಿದೆ. ಅವ್ವ ಒಲೆ ಮುಂದಿಂದ ಎದ್ದು ಬಂದು ನೋಡಿದಳು.

"ಸರ್ಕಾರದವರು ಬಂದು ಮನೆ ಕೆಡವೋದು ಕೇಳಿದೀನಿ. ಸರ್ಕಾರ ಬರ್ಲಿ ಅಂತ ಮನೆ ಕೆಡವೋನ್ನ ಇವತ್ತು ನೋಡಿದೆ."

ಸಾಹೇಬರು ಮುಂದಿನ ಬಾಗಿಲಲ್ಲಿ ಬಂದ್ರು, ಹಿಂದಿನ ತೂತಲ್ಲಿ ಬಗ್ಗಿ ಹೊರಗೆ ಹೋದ್ರು, ರುಜು ಹಾಕಿದ್ರು. ನಮ್ಮನೆ ಬೂತಾಯ್ತು.

ಎಲೆಕ್ಷನ್ ದಿನ ಬೆಳಗ್ಗೆಯೇ ಪೊಲೀಸಿನವರು ನಮ್ಮನ್ನ ಹೊರಗೆ ಹಾಕಿ ಪರದೆ ಕಟ್ಟಿದ್ರು. ಹೇಳಿದ ಮಾತಿನಂತೆ ಮೊದಲನೇ ವೋಟು ಅವ್ವಂದೇ. ನಾನು ಎಲ್ಲರಿಗೂ ಹೇಳ್ಕೊಂಡು ತಿರುಗಿದೆ, ಇದು ನಮ್ಮನೆ, ಇದು ನಾನೇ ಒಡೆದ ಬಾಗಿಲು ಅಂತ. ಬೂತಿನ ಹತ್ರ ಗಲಾಟೆ ಅಂತ ಪೇದೆ ನನ್ನ ತೋಳು ಹಿಡಿದು ನೂರು ಗಜ ಆಚೆ ಬಿಟ್ಟ. ಬಾಯಾರಿಕೆ, ಒಳಗೆ ಹೋಗಿ ನೀರು ಕುಡೀತೀನಿ ಅಂದೆ. ಸಾಲಲ್ಲಿ ಬಾ ಅಂದ. ಸ್ವಂತ ಮನೆಗೆ ಹೋಗೋಕೆ ನಲವತ್ತು ಜನರ ಹಿಂದೆ ನಿಂತೆ.

ಸರದಿ ಬಂತು. ನಮ್ಮ ಮಂಚದ ಮೇಲೆ ಕೂತಿದ್ದ ಅಧಿಕಾರಿ ತಲೆ ಎತ್ತದೆ ನನ್ನ ಹೆಸರು ಕೇಳಿದ್ರು, ಹೇಳಿದೆ. ಮನೆ ಯಾವುದು ಅಂದ್ರು.

"ಇದೇ."

"ಇದು ಮತಗಟ್ಟೆ. ನಿನ್ನ ಮನೆ ಹೇಳು."

"ನೀವು ಕೂತಿರೋದು ನಮ್ಮಪ್ಪನ ಮಂಚ ಸಾರ್. ನಿಮ್ಮ ಬೆನ್ನ ಹಿಂದೆ ಇರೋದು ನಾವು ರಾಗಿ ತುಂಬಿಡೋ ವಾಡೆ. ನಿಮ್ಮ ಟೋಪಿ ನೇತಾಕಿರೋ ಗೂಟ ನಾನು ಹೊಡೆದದ್ದು."

ಅಧಿಕಾರಿ ಟೋಪಿ ನೋಡಿದ್ರು, ವಾಡೆ ನೋಡಿದ್ರು, ಕೊನೆಗೆ ನನ್ನ ನೋಡಿದ್ರು.

"ಇವತ್ತು ಸಾಯಂಕಾಲದವರೆಗೂ ಇಲ್ಲಿ ನೀನೊಬ್ಬ ಮತದಾರ ಕಣಯ್ಯ, ಅಷ್ಟೆ. ಎಡಗೈ ಚಾಚು."

ಚಾಚಿದೆ. ಬೆರಳಿಗೆ ಮಸಿ ಹಚ್ಚಿದ್ರು. ಕೈಗೆ ಒಂದು ಮತಪತ್ರ ಕೊಟ್ಟರು.