ಆಚೆಗೆ ಮಡಚಿದ ಎಲೆ

ಎಲ್ಲದಕ್ಕೂ ಕಾರಣ ಒಂದು ಸೌಟು ಸಾರು. ಕುಂಭಕೋಣದ ಮದುವೆ ಛತ್ರದಲ್ಲಿ ಅದು ಬಾಳೆಲೆಯಿಂದ ಮಣಿಮಾರನ್‌ನ ಹೊಸ ಪಂಚೆಯ ಕಡೆಗೆ ಮೆರವಣಿಗೆ ಹೊರಟಿತು. ಗಾಬರಿಯಲ್ಲಿ ಅವನು ಎಲೆಯನ್ನು ಆಚೆಗೆ ಮಡಚಿಬಿಟ್ಟ.

ತನ್ನ ಕಡೆಗೆ ಮಡಚಿದರೆ ಇಂಥ ಊಟ ಮತ್ತೆ ಬರಲಿ ಎಂದರ್ಥ. ಆಚೆಗೆ ಮಡಚುವುದು ಸಾವಿನ ಮನೆಯಲ್ಲಿ ಮಾತ್ರ. ಯಾರೋ ವಿಡಿಯೊ ಹಾಕಿದರು. ಬೆಳಗಾಗುವಷ್ಟರಲ್ಲಿ ಮಣಿಮಾರನ್ ಮದುವೆಗೆ ಶಾಪ ಹಾಕಿದ ಖಳನಾಯಕನಾಗಿದ್ದ, ಹಿನ್ನೆಲೆ ಸಂಗೀತ ಸಮೇತ.

'ಇವನು ಮನುಷ್ಯನೇ?' ಎಂದು ಮೊದಲು ಬರೆದವಳು ಪಕ್ಕದ ಮನೆಯ ವಡಿವಕ್ಕ. ಲೈಕುಗಳ ಸುರಿಮಳೆ. ಸ್ವಲ್ಪ ಹೊತ್ತಿಗೆ ಅವಳೇ ಬಿಸಿ ಇಡ್ಲಿ ಹಿಡಿದು ಬಂದಳು.

"ಅಕ್ಕಾ, ಹಾಗೆ ಬರ್ದುಬಿಟ್ರಲ್ಲ."

"ಬರೀದಿದ್ರೆ ನಿನ್ ಕಡೆಯೋಳು ಅಂತಾರೆ ತಂಬಿ. ಅಲ್ಲಿರೋನು ಬೇರೆ, ನೀನು ಬೇರೆ. ಚಟ್ನಿ ಹಾಕ್ಲಾ?"

"ಅಲ್ಲಿರೋನೂ ನಾನೇ."

"ಹೌದಾ? ಬಯ್ಯುವಾಗ ಹಾಗನ್ನಿಸ್ಲಿಲ್ಲ ನೋಡು."

ಊರು ಬಯ್ದರೆ ಬಯ್ಯಲಿ. ಮಣಿಮಾರನ್‌ಗೆ ಕುಯಿಲಿಯದೇ ಚಿಂತೆ. ತೈ ತಿಂಗಳಲ್ಲಿ ಅವಳೊಂದಿಗೆ ಮದುವೆ ಗೊತ್ತಾಗಿತ್ತು. ಫೋನ್ ಬಡಿದುಕೊಂಡಿತು. ಅವಳಪ್ಪ ತಿಲ್ಲೈನಾಯಗಂ.

"ಮಧ್ಯಾಹ್ನ ಊಟಕ್ಕೆ ಬಾ. ನೆಂಟ್ರೆಲ್ಲ ಇರ್ತಾರೆ. ಎಲ್ರೆದುರು ಎಲೆ ಸರಿಯಾಗಿ ಮಡಚು. ಆಮೇಲೆ ಮದುವೆ ಮಾತು."

ಹಿತ್ತಲಿನ ಬಾಳೆ ಬೋಳಾಗುವವರೆಗೂ ಮಣಿಮಾರನ್ ಅಭ್ಯಾಸ ಮಾಡಿದ. ತನ್ನ ಕಡೆಗೆ. ಮತ್ತೆ ತನ್ನ ಕಡೆಗೆ. ವಡಿವಕ್ಕ ಸ್ಟೂಲಿನ ಮೇಲೆ ನಿರ್ದೇಶಕಿಯಂತೆ ಕೂತಿದ್ದಳು. "ಕೈ ಓಕೆ. ಮುಖದಲ್ಲಿ ಭಾವ ಬೇಕು."

ಪಂಕ್ತಿಯಲ್ಲಿ ಅವನು ಎಲೆಯಿಂದ ಕಣ್ಣೆತ್ತಲಿಲ್ಲ. ಉಂಡು ಮುಗಿಸಿದ. ಮೊಬೈಲುಗಳು ಮೇಲೆದ್ದವು. ಮಗುವಿಗೆ ಹೊದಿಕೆ ಹೊದಿಸಿದಂತೆ ಎಲೆಯನ್ನು ತನ್ನ ಕಡೆಗೆ ಮಡಚಿದ.

ಹಾರ ಹಾಕಿದ ಫೋಟೊದಿಂದ ಕುಯಿಲಿಯ ತಾತ ನೋಡುತ್ತಿದ್ದರು. ಅಂದು ಅವರು ತೀರಿಕೊಂಡ ಹದಿನಾರನೇ ದಿನದ ಊಟ. ಅವರ ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಮಣಿಮಾರನ್‌ಗೆ ಅದು ಗೊತ್ತಿತ್ತು. ಬೆಳಗಿನಿಂದ ತನ್ನ ಕಡೆಗೇ ಮಡಚಿ ಪಳಗಿದ್ದ ಕೈಗೆ ಗೊತ್ತಿರಲಿಲ್ಲ.

ತಿಲ್ಲೈನಾಯಗಂನ ಮೀಸೆ ಕುಣಿಯತೊಡಗಿತು. ಅಷ್ಟರಲ್ಲಿ ಮೂಲೆಯಲ್ಲಿದ್ದ ಅಜ್ಜಿ, ತಾತ ಹೋದಮೇಲೆ ಮೊದಲ ಸಲ, ಸೆರಗು ಬಾಯಿಗಿಟ್ಟು ನಕ್ಕಳು.

"ಬಯ್ಬೇಡ್ರೋ. ಇನ್ನೊಂದ್ಸಲ ಉಣ್ಣೋಕೆ ಬರ್ತೀನಿ ಅಂದೋರನ್ನ ಕಂಡ್ರೆ ಅವ್ರಿಗೆ ಪ್ರಾಣ."

ಕುಯಿಲಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಅವಳಪ್ಪನ ಮೀಸೆಯೂ ಇಳಿಯಿತು. "ಮದುವೆ ಇದೆ ಮಾಪಿಳ್ಳೆ, ನೀನೇ ನಮ್ಮಳಿಯ. ಆದ್ರೆ ನಿಂಗೆ ಊಟ ತಟ್ಟೇಲಿ."

ಊರಿಗೆ ಹರಡಿದ ಈ ಹೊಸ ವಿಡಿಯೊ ಮಾತ್ರ ಎಲೆ ಮಡಚಿದಲ್ಲಿಗೇ ಮುಗಿದಿತ್ತು. ಅಜ್ಜಿಯ ನಗು ಅದರೊಳಗೆ ಇರಲಿಲ್ಲ.

ಸಂಜೆ ಬಾಗಿಲು ತೆರೆದರೆ ವಡಿವಕ್ಕ, ಕೈಯಲ್ಲಿ ದೋಸೆ.

"ಈ ಸಲ ಸ್ವಲ್ಪ ಜಾಸ್ತಿನೇ ಬರ್ದುಬಿಟ್ಟೆ ತಂಬಿ," ಎಂದಳು. "ತುಪ್ಪ ಹಾಕಿದೀನಿ."