ನಮೂನೆ-6 ಇಲ್ಲದೆ ಹೊರಹೋದ ಹದಿನೆಂಟು ಚೀಲ ರಕ್ತ

ಸಂಖ್ಯೆ: ರನಿ/ತುರ್ತು/ಬೀಗ/17

ವಿಷಯ: ಸಾಮೂಹಿಕ ಅವಘಡಗಳ ಸಂದರ್ಭದಲ್ಲಿ ರಕ್ತವನ್ನು ಶಿಸ್ತಿನಿಂದ ವಿತರಿಸುವ ಬಗ್ಗೆ.

ಉಲ್ಲೇಖ: (1) ಮಂಗಳವಾರ ಮಧ್ಯಾಹ್ನ 1.10ಕ್ಕೆ, ಇಲಾಖೆಗೆ ಮುನ್ಸೂಚನೆ ನೀಡದೆ, ಎರಡು ಬಸ್ಸುಗಳ ನಡುವೆ ಸಂಭವಿಸಿದ ಡಿಕ್ಕಿ.
(2) ಮುರಿದ ಬೀಗ (ಲಕೋಟೆಯಲ್ಲಿ ಲಗತ್ತಿಸಿದೆ).

ಸದರಿ ಡಿಕ್ಕಿಯಲ್ಲಿ ಗಾಯಗೊಂಡ ಮೂವತ್ತೊಂದು ಮಂದಿಯನ್ನು ಆಸ್ಪತ್ರೆಗೆ ತಂದಾಗ, ರಕ್ತನಿಧಿಯ ಫ್ರಿಜ್ಜಿನ ಬೀಗದ ಕೈ ಉಗ್ರಾಣಪಾಲಕರ ಜೇಬಿನಲ್ಲಿತ್ತು, ಉಗ್ರಾಣಪಾಲಕರು ತಮ್ಮ ಭಾವನ ಮನೆಯ ಊಟದಲ್ಲಿದ್ದರು. ಅಂದರೆ ಬೀಗದ ಕೈ ಸುರಕ್ಷಿತವಾಗಿತ್ತು. ಹೀಗಿದ್ದೂ ಕರ್ತವ್ಯದಲ್ಲಿದ್ದ ತಂತ್ರಜ್ಞೆಯು ಕಾವಲುಗಾರನಿಗೆ, "ಅಣ್ಣಾ, ಬೀಗ ಒಡಿ" ಎಂದಿದ್ದು, ಆತನು "ಸುತ್ತಿಗೆ ತರ್ಲಾ ಅಕ್ಕಾ, ಕಲ್ಲೇ ಸಾಕಾ?" ಎಂದು ಕೇಳಿ, ಟೆಂಡರ್ ಕರೆಯದೆ ಕಲ್ಲನ್ನು ಆಯ್ಕೆ ಮಾಡಿರುತ್ತಾನೆ. ಹದಿನೆಂಟು ಚೀಲ ರಕ್ತ ನಮೂನೆ-6 ಇಲ್ಲದೆ ಹೊರಹೋಗಿದೆ. ಗಾಯಾಳುಗಳೆಲ್ಲರೂ ಬದುಕಿರುವುದನ್ನು ಗಮನಿಸಲಾಗಿದೆ. ಅದು ನಮೂನೆ-6ಕ್ಕೆ ಪರ್ಯಾಯವಲ್ಲ.

ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ಸಾಮೂಹಿಕ ಅವಘಡದ ಬಗ್ಗೆ ನಲವತ್ತೆಂಟು ಗಂಟೆ ಮುಂಚಿತವಾಗಿ ತ್ರಿಪ್ರತಿಯಲ್ಲಿ ತಿಳಿಸತಕ್ಕದ್ದು.

2. ಹತ್ತು ಗಾಯಾಳುಗಳಿಗಿಂತ ಕಡಿಮೆ ಇದ್ದಲ್ಲಿ ಅದು ಸಾಮೂಹಿಕವಲ್ಲ. ಒಂಬತ್ತು ಮಂದಿ ಬಂದಿದ್ದರೆ ಹತ್ತನೆಯವರಿಗಾಗಿ ಕಾಯತಕ್ಕದ್ದು.

3. ರಕ್ತ ಪಡೆಯುವವರು ನಮೂನೆ-6ಕ್ಕೆ ಖುದ್ದಾಗಿ ಸಹಿ ಮಾಡತಕ್ಕದ್ದು. ಪ್ರಜ್ಞೆ ಇಲ್ಲದವರು, ತಮಗೆ ಪ್ರಜ್ಞೆ ಇಲ್ಲವೆಂದು ಸ್ವಹಸ್ತಾಕ್ಷರದಲ್ಲಿ ದೃಢೀಕರಿಸಿದಲ್ಲಿ ವಿನಾಯಿತಿ ನೀಡಬಹುದು.

4. ಅಂದು ಸಂಜೆ ರಕ್ತ ಕೊಡಲು ಇನ್ನೂರ ನಲವತ್ತು ಮಂದಿ ಸಾಲುಗಟ್ಟಿದ್ದರು. ತಂತ್ರಜ್ಞೆಯು ನಲವತ್ತು ಮಂದಿಯಿಂದ ಮಾತ್ರ ಪಡೆದು, "ಉಳಿದೋರು ಹೆಸ್ರು ಬರೆಸಿ, ಮುಂದಿನ ವಾರದಿಂದ ಸ್ವಲ್ಪ ಸ್ವಲ್ಪ ಜನ ಬನ್ನಿ. ನಿಮ್ ರಕ್ತ ಎಲ್ಲಿಗೂ ಓಡ್ಹೋಗಲ್ಲ" ಎಂದು ಸಾರ್ವಜನಿಕರನ್ನು ವಾಪಸು ಕಳುಹಿಸಿರುತ್ತಾರೆ. ರಕ್ತವು ಮೂವತ್ತೈದು ದಿನಕ್ಕೆ ಕೆಡುತ್ತದೆಂಬ ಅವರ ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ. ಇನ್ನು ಮುಂದೆ ಬಂದವರೆಲ್ಲರ ರಕ್ತವನ್ನೂ ಅಂದೇ ಪಡೆಯತಕ್ಕದ್ದು. ಮೂವತ್ತೈದು ದಿನಗಳೊಳಗೆ ಅದಕ್ಕೆ ತಕ್ಕಷ್ಟು ಗಾಯಾಳುಗಳನ್ನು ಒದಗಿಸುವ ಹೊಣೆ ಸಂಚಾರ ವಿಭಾಗದ್ದು.

5. ವಿಚಾರಣೆಯ ವೇಳೆ ತಂತ್ರಜ್ಞೆಯು, "ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕೆ ಆಗುತ್ತಾ ಸಾರ್?" ಎಂದಿರುತ್ತಾರೆ. ಬಾವಿ ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

6. ಸದರಿ ತಂತ್ರಜ್ಞೆಯನ್ನು ಈ ಕೂಡಲೇ ಅಮಾನತಿನಲ್ಲಿಡಲಾಗಿದೆ. ಹೊಸ ಬೀಗದ ಕೈಯನ್ನು ಉಗ್ರಾಣಪಾಲಕರಿಗೇ ವಹಿಸಲಾಗಿದೆ.

ಸಹಿ/-
ಪ್ರಭಾರ ಉಪನಿರ್ದೇಶಕರು

ಪ್ರತಿಗಳು:

1. ಉಗ್ರಾಣಪಾಲಕರಿಗೆ, ಅವರ ಭಾವನ ಮನೆಯ ವಿಳಾಸಕ್ಕೆ.

2. ಕಾವಲುಗಾರನಿಗೆ, ಕಲ್ಲನ್ನು ಮೂರು ದಿನದೊಳಗೆ ಹಾಜರುಪಡಿಸುವ ಸೂಚನೆಯೊಂದಿಗೆ.

3. ಖಾಯಂ ಉಪನಿರ್ದೇಶಕರಿಗೆ, ಹಾಸಿಗೆ ಸಂಖ್ಯೆ 7. (ಮೊದಲನೇ ಬಸ್ಸಿನ ಪ್ರಯಾಣಿಕರು, ನಾಲ್ಕು ಚೀಲ ಪಡೆದವರು. ಕರಡನ್ನು ಇವರಿಗೆ ಓದಿ ಹೇಳಿದಾಗ, "ಹರಿದು ಬಿಸಾಕ್ರಯ್ಯಾ ಅದನ್ನ! ಮೊದ್ಲು ಆ ಹುಡುಗೀನ ಕೆಲಸಕ್ಕೆ ಕರೀರಿ" ಎಂದಿದ್ದಾರೆ. ಪ್ರಜ್ಞೆ ಪೂರ್ಣವಾಗಿ ಮರಳಿಲ್ಲವೆಂದು ಪರಿಗಣಿಸಿ, ಕಡತಕ್ಕೆ ಸೇರಿಸಲಾಗಿದೆ.)