ಮೋಡದಲ್ಲಿ ತುಂಬುವ ಬ್ಯಾಟರಿ

ಪುರಾವೆಯಿಲ್ಲದೆ ಯಾವುದನ್ನೂ ನಂಬಬೇಡಿ ಎಂದು ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರದ ಜೊತೆಗೆ ಉಚಿತವಾಗಿ ಬೋಧಿಸಿದವನು ನಾನು. ದೇವರು, ಜಾತಕ, ಪತ್ರಿಕೆಯ ಹವಾಮಾನ ವರದಿ ಎಲ್ಲವನ್ನೂ ಸಂಶಯದಿಂದಲೇ ನೋಡಿದೆ. ಸಂಶಯಪಡದೆ ಬಿಟ್ಟದ್ದು ನನ್ನ ತಲೆಯೊಂದನ್ನೇ. ಈಗ ಅದೂ ಪಟ್ಟಿಗೆ ಸೇರಿದೆ. ಬ್ಯಾಟರಾಯನಪುರದ ನಮ್ಮ ಬಾಡಿಗೆ ಮನೆಯಲ್ಲಿ ನೀರಿನ ಮೋಟಾರು ಹಾಕುವುದು ನನ್ನ ಕೆಲಸ. ಆರಿಸುವುದೂ ನನ್ನದೇ, ಆದರೆ ಅದು ಪ್ರತಿಸಲವೂ ನಡೆಯುತ್ತಿರಲಿಲ್ಲ. ಟ್ಯಾಂಕು ತುಂಬಿ, ನೀರು ಮೆಟ್ಟಿಲಿಳಿದು, ಕೆಳಗಿನ ಮನೆಯಲ್ಲಿರುವ ಓನರ್ ಜಯಮ್ಮನವರ ಹೊಸಿಲು ತೊಳೆದ ಮೇಲೆಯೇ ನನಗೆ ನೆನಪಾಗುತ್ತಿದ್ದದ್ದು.

ಓದಿದವನು ಮರೆವನ್ನು ಒಪ್ಪಿಕೊಳ್ಳುವುದಿಲ್ಲ, ಅದಕ್ಕೊಂದು ಯಂತ್ರ ಮಾಡುತ್ತಾನೆ. ಎಸ್.ಪಿ. ರೋಡಿನಿಂದ ಬೆಂಕಿಪೊಟ್ಟಣದಷ್ಟಿನ ಎರಡು ರೇಡಿಯೋ ಬೋರ್ಡು ತಂದು ಒಂದನ್ನು ಟ್ಯಾಂಕಿನ ಪಕ್ಕ, ಇನ್ನೊಂದನ್ನು ಅಡುಗೆಮನೆಯ ಗೋಡೆಯಲ್ಲಿ ಕೂರಿಸಿದೆ. ಮೇಲಿನದು ನೀರಿನ ಮಟ್ಟ ಹೇಳಬೇಕು, ಕೆಳಗಿನದು ಕೇಳಿಸಿಕೊಂಡು ಕೂಗಬೇಕು. ತಾರಸಿಗೆ ಕರೆಂಟಿನ ವೈರು ಎಳೆಯುವ ಬದಲು ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತು ಡಬ್ಬಿಯಲ್ಲಿಟ್ಟ ಬ್ಯಾಟರಿ, ಅದಕ್ಕೆ ಚಾರ್ಜ್ ಕೊಡಲು ಪುಸ್ತಕದಗಲದ ಸೋಲಾರ್ ಪ್ಯಾನೆಲ್ಲು. ಎರಡು ದಿನ ಚೆನ್ನಾಗಿಯೇ ಕೂಗಿತು. ಮೂರನೆಯ ದಿನ ಬ್ಯಾಟರಿ ಸತ್ತಿತ್ತು. ಮನೆಯೊಳಗೆ ಚಾರ್ಜ್ ಮಾಡಿ ಮತ್ತೆ ಇಟ್ಟೆ, ಮತ್ತೆ ಸತ್ತಿತು. ಪ್ಯಾನೆಲ್ಲಿನ ವೈರು ಚುಚ್ಚಿದ್ದೀರಾ ಎಂದು ಹೆಂಡತಿ ಸರಸ ಕೇಳಿದಳು. ಚುಚ್ಚಿದ್ದು ಕಣ್ಣಿಗೆ ಕಟ್ಟಿದಂತಿತ್ತು, ಆದರೆ ಅದು ಇವತ್ತು ಚುಚ್ಚಿದ್ದೋ ಹೋದ ವಾರದ್ದೋ ತಿಳಿಯಲಿಲ್ಲ. ಹಾಗಾಗಿ ಒಂದು ನೋಟ್‌ಬುಕ್ ಇಟ್ಟೆ. ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ತಾರಸಿ ಹತ್ತಿ ಮೀಟರಿನಲ್ಲಿ ಅಳೆದು ಬರೆದೆ. ಜೊತೆಗೆ ಅಂದಿನ ಆಕಾಶದ ಸ್ಥಿತಿಯನ್ನೂ ಬರೆದೆ.

ಮೂರು ವಾರದ ಲೆಕ್ಕ ನೋಡಿದಾಗ ನನಗೇ ಭಯವಾಯಿತು. ಮೋಡ ಕವಿದ ದಿನ ಬ್ಯಾಟರಿ ಅಷ್ಟಿಷ್ಟು ತುಂಬುತ್ತಿತ್ತು. ಬಿಸಿಲು ಸುಡುತ್ತಿದ್ದ ದಿನ ಖಾಲಿಯಾಗುತ್ತಿತ್ತು. ಪ್ಯಾನೆಲ್ಲಿಗೆ ಸೆಖೆ ತಡೆಯುವುದಿಲ್ಲವೇನೋ ಎಂದು ಎರಡು ಪುಟದ ಸಿದ್ಧಾಂತವನ್ನೂ ಬರೆದೆ. ಸರಸ ಅದನ್ನೆಲ್ಲ ಕನ್ನಡಕ ಹಾಕಿಕೊಂಡು ಓದಿದಳು.

“ಬಿಸಿಲಿದ್ರೆ ಚಾರ್ಜ್ ಆಗಲ್ಲ, ಮೋಡ ಇದ್ರೆ ಆಗುತ್ತೆ ಅಂತ ಬರ್ದಿದೀರ. ಸೋಮವಾರ ಸಂಜಯನಗರದ ಡಾಕ್ಟರ್ ಹತ್ರ ಹೋಗ್ಬರೋಣ ಕಣ್ರೀ.”

ಅವಳು ತಮಾಷೆ ಮಾಡುತ್ತಿರಲಿಲ್ಲ. ನಮ್ಮಪ್ಪ ಕೊನೆಯ ಎರಡು ವರ್ಷ ನನ್ನನ್ನು ಪೋಸ್ಟ್‌ಮ್ಯಾನ್ ಎಂದುಕೊಂಡಿದ್ದರು. ಕಾಫಿ ಕೊಡಲು ಹೋದರೆ, ನಮಗೇನಾದರೂ ಬಂದಿದೆಯೇ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ಅದನ್ನು ಇಬ್ಬರೂ ನೋಡಿದ್ದೆವು. ಹಾಗಾಗಿ ಒಂದು ಒಪ್ಪಂದವಾಯಿತು: ಭಾನುವಾರದೊಳಗೆ ದೋಷ ಬ್ಯಾಟರಿಯದೆಂದು ತೋರಿಸಿದರೆ ಡಾಕ್ಟರು ಬೇಡ. ಒಂದು ಹಳೆಯ ಬ್ಯಾಟರಿ ಕೆಟ್ಟಿರಲಿ ಎಂದು ಯಾರಾದರೂ ಅಷ್ಟು ಶ್ರದ್ಧೆಯಿಂದ ಹಾರೈಸಿದ್ದರೆ ಅದು ನಾನೇ.

ಶನಿವಾರ ಮೊದಲ ಸಲ ಮಟಮಟ ಮಧ್ಯಾಹ್ನ ತಾರಸಿ ಹತ್ತಿದೆ. ಒಂದು ಕಡೆ ರಾಗಿ ಒಣಗುತ್ತಿತ್ತು, ಒಂದು ಕಡೆ ಬಟ್ಟೆ. ಮೂಲೆಯಲ್ಲಿ ನನ್ನ ಪ್ಯಾನೆಲ್ಲಿನ ಮೇಲೆ ಹಳೆಯ ಪಂಚೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿ, ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟಿತ್ತು. ಜಯಮ್ಮನವರು ರಾಗಿ ಕೈಯಾಡಿಸಲು ಬಂದರು. ಹತ್ತು ಗಂಟೆಗೆ ಬಟ್ಟೆ ಹರವುವಾಗ ಹೊದಿಸಿ, ನಾಲ್ಕಕ್ಕೆ ಬಟ್ಟೆ ತೆಗೆಯುವಾಗ ತೆಗೆಯುತ್ತಾರಂತೆ. ಮೋಡವಿದ್ದರೆ ಹೊದಿಸುವ ಅಗತ್ಯ ಬೀಳುವುದಿಲ್ಲವಂತೆ. ಯಾಕಮ್ಮ ಎಂದು ಕೇಳಿದೆ.

“ನೀವೇ ಏಳಿದ್ರಲ್ಲಾ ಸಾರ್, ಬಿಸ್ಲು ಜಾಸ್ತಿ ಒಡುದ್ರೆ ಬ್ಯಾಟ್ರಿ ಕೆಟ್ಟೋಯ್ತದೆ, ನೆಳ್ಳಾಗಿರ್ಬೇಕು ಅಂತ. ಒಂದಿನಾನೂ ತಪ್ಸಿಲ್ಲ ನಾನು.”

ನನಗೆ ಒಂದಕ್ಷರವೂ ನೆನಪಿರಲಿಲ್ಲ. ಆದರೆ ಮಾತು ಶಾಸ್ತ್ರೀಯವಾಗಿ ಸರಿಯಾಗಿತ್ತು. ಆ ಜಾತಿಯ ಬ್ಯಾಟರಿಗೆ ಬಿಸಿ ಒಗ್ಗುವುದಿಲ್ಲ. ಆ ಕಟ್ಟಡದಲ್ಲಿ ಅಂಥ ಮಾತನ್ನು ಬೇರೆ ಯಾರೂ ಹೇಳಲಾರರು. ಡಬ್ಬಿಯೊಳಗಿನ ಬ್ಯಾಟರಿಗೆ ನೆರಳು, ಪ್ಯಾನೆಲ್ಲಿಗೆ ಬಿಸಿಲು ಎಂದು ಬಿಡಿಸಿ ಹೇಳದೆ ಪಾಠ ಮುಗಿಸಿದ್ದೂ ನನ್ನದೇ ಪದ್ಧತಿ. ಪಂಚೆಯೂ ನನ್ನದಿರಬೇಕು, ಆ ಅಂಚು ಎಲ್ಲೋ ನೋಡಿದಂತಿತ್ತು.

ಕೆಳಗಿಳಿದು ಸರಸಳಿಗೆ, ಪ್ಯಾನೆಲ್ಲಿನ ಮೇಲೆ ಬಟ್ಟೆ ಮುಚ್ಚಿತ್ತು, ನನ್ನ ನೋಟ್‌ಬುಕ್ಕು ಸುಳ್ಳು ಹೇಳಿರಲಿಲ್ಲ ಎಂದು ಗೆದ್ದವನಂತೆ ಹೇಳಿದೆ. ಅವಳು ಒಪ್ಪಿದಳು. ಆಮೇಲೆ, ಮುಚ್ಚಲು ಹೇಳಿದ್ದು ಯಾರು ಎಂದು ಕೇಳಿದಳು. ಜಯಮ್ಮನವರು ತಪ್ಪು ತಿಳಿದುಕೊಂಡರು ಎಂದು ದಾಟಿಸಿಬಿಡಬಹುದಿತ್ತು. ಆದರೆ ದಿನವೂ ತಪ್ಪದೆ ಕಲ್ಲಿಟ್ಟ ಹೆಂಗಸಿನ ಮೇಲೆ ಹೊರೆ ಹೊರಿಸಲು ನಾಲಗೆ ಏಳಲಿಲ್ಲ.

“ನಾನೇ ಅಂತೆ,” ಎಂದೆ.

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು.

ಸೋಮವಾರ ಡಾಕ್ಟರು ನನ್ನ ಕಡೆ ತಿರುಗಿ, ಎಷ್ಟು ದಿನದಿಂದ ಹೀಗೆ ಮರೆಯುತ್ತಿದ್ದೀರಿ ಎಂದು ಕೇಳಿದರು. ಪ್ರಶ್ನೆಯೇ ಅವೈಜ್ಞಾನಿಕವಾದದ್ದು. ಅದಕ್ಕೆ ಉತ್ತರ ಕೊಡಬಲ್ಲವನು ಅಲ್ಲಿಗೆ ಯಾಕೆ ಹೋಗುತ್ತಾನೆ? ಸರಸ ಹೇಳಿದ್ದನ್ನು ಪುರಾವೆ ಕೇಳದೆ ನಂಬುವುದೆಂದುಕೊಂಡು ಅವಳ ಮುಖ ನೋಡಿದೆ.